ಮುಪ್ಪೋ, ಹೊರೆಯೋ?

ಮನುಷ್ಯನ ತಾಳ್ಮೆಗೆ ಒಂದು ವಿಚಿತ್ರ ಗುಣವಿದೆ. ಬಾರದ ಬಸ್ಸಿಗಾಗಿ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತು, ಪಕ್ಕದವರೊಡನೆ ರಾಜಕೀಯವನ್ನು ಚರ್ಚಿಸಿ, ಸಮಾಧಾನಚಿತ್ತನಾಗಿಯೇ ಮನೆಗೆ ಮರಳುವ ಗೃಹಸ್ಥನು ಕಂಪ್ಯೂಟರಿನ ಮುಂದೆ ಕುಳಿತಾಗ ಮುಕ್ಕಾಲು ನಿಮಿಷವನ್ನೂ ಸಹಿಸಲಾರ. ಪರದೆಯ ನಡುವೆ ಆ ಚಿಕ್ಕ ಉಂಗುರವು ಸುತ್ತತೊಡಗಿತೆಂದರೆ ಅವನ ರಕ್ತದೊತ್ತಡವೂ ಅದರ ಸಂಗಡ ಏರತೊಡಗುತ್ತದೆ. ಮೌಸನ್ನು ಮೇಜಿಗೆ ಕುಟ್ಟುತ್ತಾನೆ. ಒಂದೇ ಗುಂಡಿಯನ್ನು ಹತ್ತು ಸಲ ಒತ್ತುತ್ತಾನೆ. ಆ ಹತ್ತು ಅಪ್ಪಣೆಗಳನ್ನೂ ಪಾಲಿಸಹೊರಟ ಯಂತ್ರವು ಮತ್ತಷ್ಟು ತಡವರಿಸುತ್ತದೆ.

ಇದನ್ನು ಕೇವಲ ಸ್ವಭಾವದೋಷವೆಂದು ತಳ್ಳಿಹಾಕುವಂತಿಲ್ಲ. ಮನುಷ್ಯನಿಗೂ ಗಣಕಕ್ಕೂ ನಡೆಯುವ ಸಂವಾದದಲ್ಲಿ ಎಷ್ಟು ವಿಳಂಬ ಸಹ್ಯ ಎಂಬ ಪ್ರಶ್ನೆಯನ್ನು ರಾಬರ್ಟ್ ಮಿಲ್ಲರ್ ಎಂಬ ವಿದ್ವಾಂಸರು 1968ರಷ್ಟು ಹಿಂದೆಯೇ ಎತ್ತಿಕೊಂಡು ಪ್ರಬಂಧವೊಂದನ್ನು ಬರೆದರು. 1993ರಲ್ಲಿ ಪ್ರಕಟವಾದ ಯಾಕೋಬ್ ನೀಲ್ಸನ್ ಅವರ ಗ್ರಂಥವು ಆ ವಿಚಾರವನ್ನು ಮೂರು ಸರಳ ಮಿತಿಗಳ ರೂಪದಲ್ಲಿ ಪ್ರಚಾರಕ್ಕೆ ತಂದಿತು. ಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ ಉತ್ತರ ಬಂದರೆ ಅದು ಆ ಕ್ಷಣವೇ ಬಂದಂತೆ ತೋರುತ್ತದೆ. ಒಂದು ಸೆಕೆಂಡಿನವರೆಗೆ ತಡವಾದರೂ ಯೋಚನೆಯ ಎಳೆ ಕಡಿಯುವುದಿಲ್ಲ. ಹತ್ತು ಸೆಕೆಂಡು ಮೀರಿತೆಂದರೆ ಮನಸ್ಸು ಕೆಲಸವನ್ನು ಬಿಟ್ಟು ಬೇರೆಡೆಗೆ ಹೊರಟುಹೋಗುತ್ತದೆ. ನಿಧಾನವಾದ ಯಂತ್ರವು ಕಾಲದ ಜೊತೆಗೆ ಗಮನವನ್ನೂ ಕದಿಯುತ್ತದೆ ಎಂದಾಯಿತು.

ಇಂಥ ಹೊತ್ತಿನಲ್ಲಿ ಮನೆಮಂದಿಯೆಲ್ಲ ಒಮ್ಮತದಿಂದ ನೀಡುವ ತೀರ್ಪು ಒಂದೇ: "ಹಳೆಯದಾಯಿತು." ಎತ್ತಿಗೆ ವಯಸ್ಸಾದರೆ ನಡಿಗೆ ಕುಂದುತ್ತದೆ, ಗಡಿಯಾರಕ್ಕೆ ವಯಸ್ಸಾದರೆ ಹಿಂದೆ ಬೀಳುತ್ತದೆ, ಕಂಪ್ಯೂಟರೂ ಹಾಗೆಯೇ ಎಂಬುದು ತರ್ಕ. ತರ್ಕವೇನೋ ಅಂದವಾಗಿದೆ, ಆದರೆ ಗಣಕದ ಮಿದುಳೆನಿಸಿದ ಪ್ರೊಸೆಸರಿಗೆ ಕೀಲುನೋವು ಎಂಬುದಿಲ್ಲ. ಕೊಂಡ ದಿನ ಸೆಕೆಂಡಿಗೆ ಎಷ್ಟು ಲೆಕ್ಕಗಳನ್ನು ಮಾಡುತ್ತಿತ್ತೋ, ಬಿಸಿ ಮಿತಿಮೀರದಿದ್ದರೆ ಹತ್ತು ವರ್ಷಗಳ ಅನಂತರವೂ ಅಷ್ಟನ್ನೇ ಮಾಡಬಲ್ಲದು. ಮುಖ್ಯವಾಗಿ ಸವೆಯುವುದು ಸುತ್ತುವ ಭಾಗಗಳು, ಅಂದರೆ ಗಾಳಿಯಾಡಿಸುವ ಫ್ಯಾನು ಮತ್ತು ಕಡತಗಳನ್ನು ಕಾಪಾಡುವ ಹಾರ್ಡ್ ಡಿಸ್ಕು. ಉಳಿದಂತೆ, ವಯಸ್ಸಿನ ಹೆಸರಿನಲ್ಲಿ ಯಂತ್ರವನ್ನು ಬಾಗಿಸಿರುವುದು ಅದರ ಬೆನ್ನಿನ ಮೇಲೆ ವರ್ಷವರ್ಷವೂ ಏರಿದ ಹೊರೆ.

ಈ ಹೊರೆಯ ಪ್ರಮಾಣವನ್ನು ಅಂಕಿಗಳಲ್ಲಿ ನೋಡಿದರೆ ದಿಗಿಲಾಗುತ್ತದೆ. 1995ರಲ್ಲಿ ಬಂದ ವಿಂಡೋಸ್ 95 ಎಂಬ ವ್ಯವಸ್ಥೆಯು ಕೆಲಸ ಮಾಡಲು ಕನಿಷ್ಠ 4 ಮೆಗಾಬೈಟು ರ‍್ಯಾಮ್ ಸಾಕೆಂದಿತ್ತು. 2021ರಲ್ಲಿ ಬಂದ ವಿಂಡೋಸ್ 11 ಕೇಳುವ ಕನಿಷ್ಠವು 4 ಗಿಗಾಬೈಟು. ಇಪ್ಪತ್ತಾರು ವರ್ಷಗಳಲ್ಲಿ ಹಸಿವು ಸಾವಿರ ಪಟ್ಟು ಬೆಳೆದಿದೆ. ಪಾಸ್ಕಲ್ ಎಂಬ ಗಣಕಭಾಷೆಯ ಕರ್ತೃಗಳಾದ ನಿಕ್ಲಾಸ್ ವಿರ್ತ್ ಅವರು 1995ರಲ್ಲಿಯೇ, ಯಂತ್ರಗಳು ಚುರುಕಾಗುವ ವೇಗಕ್ಕಿಂತ ತಂತ್ರಾಂಶಗಳು ಜಡವಾಗುವ ವೇಗವೇ ಹೆಚ್ಚೆಂದು ಎಚ್ಚರಿಸಿ, ತೆಳ್ಳಗಿನ ತಂತ್ರಾಂಶಗಳಿಗಾಗಿ ವಾದಿಸಿದರು. ಆ ಮಾತಿಗೆ ಈಗ ವಿರ್ತ್ ನಿಯಮವೆಂದೇ ಹೆಸರು. ಸಂಬಳ ಹೆಚ್ಚಿದಂತೆ ಖರ್ಚು ಅದಕ್ಕಿಂತ ಮುಂದೆ ಓಡುವುದನ್ನು ಕಂಡಿರುವ ಮಧ್ಯಮವರ್ಗದ ಸಂಸಾರಿಗಳಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆಯಲ್ಲಿ ಇಂಥದೇ ಒಂದು ಕಂಪ್ಯೂಟರಿತ್ತು. 2014ರಲ್ಲಿ ಕೊಂಡದ್ದು. ಮನೆಯ ಹಿರಿಯರು ನಿವೃತ್ತ ಹೈಸ್ಕೂಲು ಮೇಷ್ಟರು, ಮಲೆನಾಡಿನ ಕಡೆಯವರು. ಮಗನದು ಕಂಪೆನಿಯೊಂದರಲ್ಲಿ ಕೆಲಸ. ಸೊಸೆ ಲೆಕ್ಕಪತ್ರಗಳ ಕಚೇರಿಯಲ್ಲಿ ಉದ್ಯೋಗಸ್ಥೆ. ಮೊಮ್ಮಗಳು ಏಳನೆಯ ತರಗತಿ. ನಾಲ್ವರಲ್ಲಿ ಆ ಯಂತ್ರವನ್ನು ನಿತ್ಯವೂ ಬಳಸುತ್ತಿದ್ದವರು ಮೇಷ್ಟರೇ. ತಮ್ಮ ಊರಿನ ಅಡಿಕೆ ತೋಟದಲ್ಲಿ, ಕೊಟ್ಟಿಗೆಯಲ್ಲಿ, ಅಡುಗೆಮನೆಯಲ್ಲಿ ಹಿಂದೆ ಬಳಕೆಯಲ್ಲಿದ್ದು ಈಗ ಕಿರಿಯರ ನಾಲಗೆಯಿಂದ ಜಾರುತ್ತಿರುವ ಮಾತುಗಳನ್ನು ಅವರು ಹತ್ತು ವರ್ಷಗಳಿಂದ ಒಂದೊಂದಾಗಿ ಕೂಡಿಹಾಕುತ್ತಿದ್ದರು. ಮರವೇರಿ ಅಡಿಕೆ ಗೊನೆ ಇಳಿಸುವ ಕೊನೆಗೌಡ, ಮಳೆಗಾಲದ ಕೊಳೆರೋಗದಿಂದ ಗೊನೆಯನ್ನು ಕಾಯಲು ಕಟ್ಟುವ ಕೊಟ್ಟೆ, ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಮುಂತಾಗಿ ನಾಲ್ಕು ಸಾವಿರ ಪದಗಳು, ಅರ್ಥ ವಿವರಣೆಗಳ ಸಮೇತ. ಅಚ್ಚಾಗದ ಆ ಪುಸ್ತಕಕ್ಕೆ ಇದ್ದ ಮನೆಯೆಂದರೆ ಆ ಕಂಪ್ಯೂಟರಿನ ಹೊಟ್ಟೆ ಒಂದೇ.

2025ರ ಬೇಸಿಗೆಯ ಹೊತ್ತಿಗೆ ಆ ಯಂತ್ರದ ಸ್ಥಿತಿ ಶೋಚನೀಯವಾಗಿತ್ತು. ಗುಂಡಿ ಒತ್ತಿದ ಮೇಲೆ ಅದು ಎಚ್ಚರಗೊಳ್ಳಲು ಆರು ನಿಮಿಷ ಬೇಕು. ಮೇಷ್ಟರು ಗುಂಡಿ ಒತ್ತಿ, ಸ್ನಾನಕ್ಕೆ ನೀರು ತೋಡಿಟ್ಟು, ತುಳಸಿಗೆ ನಮಸ್ಕರಿಸಿ ಬರುವರು, ಉಂಗುರವಿನ್ನೂ ಸುತ್ತುತ್ತಿರುವುದು. ಮಗನು ಒಂದು ದಿನ ಬೇಸರಗೊಂಡು, "ಅಪ್ಪಾ, ಇದನ್ನು ಇನ್ನು ಹಳೇ ಸಾಮಾನಿನವನಿಗೆ ಕೊಟ್ಟುಬಿಡೋಣ. ನಿಮಗೊಂದು ಹೊಸದು ತಂದುಕೊಡುತ್ತೇನೆ" ಎಂದನು. ಪ್ರೀತಿಯಿಂದಲೇ ಆಡಿದ ಮಾತು. ಆದರೂ ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ವೈದ್ಯ ಅದು. ಮೇಷ್ಟರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. "ನನ್ನ ಪದಗಳು?" ಎಂದಷ್ಟೇ ಕೇಳಿದರು.

ಈ ಪ್ರಶ್ನೆಗೆ ಉತ್ತರ ಹುಡುಕಹೊರಟವಳು ಸೊಸೆ. ಸಾಲದ ಕಾರಣ ತಿಳಿಯದೆ ಅಂಗಡಿಯನ್ನು ಮುಚ್ಚಬಾರದು, ಮೊದಲು ಖಾತೆಗಳನ್ನು ತೆರೆದು ನೋಡಬೇಕು ಎಂಬುದು ಅವಳ ವೃತ್ತಿಯ ಪಾಠ. ಕಂಪ್ಯೂಟರಿನಲ್ಲಿಯೂ ಅಂಥದೊಂದು ಖಾತೆಪುಸ್ತಕವಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆದುಕೊಳ್ಳುತ್ತದೆ. ಯಾವ ಕಾರ್ಯಕ್ರಮವು ಪ್ರೊಸೆಸರನ್ನೆಷ್ಟು, ರ‍್ಯಾಮನ್ನೆಷ್ಟು, ಡಿಸ್ಕನ್ನೆಷ್ಟು ದುಡಿಸುತ್ತಿದೆ ಎಂಬುದು ಅಲ್ಲಿ ಶೇಕಡಾ ಲೆಕ್ಕದಲ್ಲಿ ನಮೂದಾಗಿರುತ್ತದೆ. ಅವಳು ಕಂಡ ಲೆಕ್ಕ ಹೀಗಿತ್ತು: ಪ್ರೊಸೆಸರು ಶೇಕಡಾ 12, ರ‍್ಯಾಮ್ ಶೇಕಡಾ 92, ಡಿಸ್ಕು ಶೇಕಡಾ 100. ಮುದಿಯಾಯಿತೆಂದು ಎಲ್ಲರಿಂದ ಬೈಸಿಕೊಂಡ ಮಿದುಳು ಕೆಲಸವಿಲ್ಲದೆ ಕೈಕಟ್ಟಿ ಕುಳಿತಿತ್ತು, ಬೆವರಿಳಿಸುತ್ತಿದ್ದುದು ಡಿಸ್ಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂಥ ಕಡೆಗೇ ಹುಟ್ಟಿರಬೇಕು.

ಈ ಲೆಕ್ಕದ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ನಿಧಾನದ ಗುಟ್ಟೆಲ್ಲ ಇರುವುದು ಇಲ್ಲಿಯೇ. ಪ್ರೊಸೆಸರಿಗೆ ಬೇಕಾದ ಸಾಮಗ್ರಿಯು ರ‍್ಯಾಮಿನಲ್ಲಿದ್ದರೆ ಅದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಕಾಲದಲ್ಲಿ ಕೈಗೆ ಸಿಗುತ್ತದೆ. ಹಾರ್ಡ್ ಡಿಸ್ಕಿನಲ್ಲಿದ್ದರೆ, ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಒಂದು ಪುಟ್ಟ ತೋಳು ಸರಿದು, ಬೇಕಾದ ಜಾಗ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಇದಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಹೊತ್ತು. ಎರಡೂ ನಮ್ಮ ಕಣ್ಣಿಗೆ ನಿಮೇಷಮಾತ್ರ. ಆದರೆ ಅವೇ ಅಂತರಗಳನ್ನು ಮನುಷ್ಯರ ಅಳತೆಗೆ ಹಿಗ್ಗಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ರ‍್ಯಾಮಿನಿಂದ ತರುವುದು ಒಂದು ಸೆಕೆಂಡಿನ ಕೆಲಸವೆಂದು ಇಟ್ಟುಕೊಳ್ಳೋಣ. ಅಡುಗೆಯವಳು ಕೈಚಾಚಿ ಎದುರಿನ ಸಾಸಿವೆ ಡಬ್ಬಿಯನ್ನು ಎತ್ತಿಕೊಂಡಂತೆ. ಆಗ ಹಾರ್ಡ್ ಡಿಸ್ಕಿನಿಂದ ತರಲು ಇಪ್ಪತ್ತೇಳು ಗಂಟೆಗಳಿಗೂ ಮಿಗಿಲಾದ ಕಾಲ ಹಿಡಿಯುತ್ತದೆ. ಒಲೆಯ ಮೇಲೆ ಎಣ್ಣೆಯಿಟ್ಟು, ಸಾಸಿವೆ ತರಲು ಪರವೂರಿಗೆ ರೈಲು ಹತ್ತಿ ಮಾರನೆಯ ದಿನ ಮರಳಿದಂತೆ. ಈ ಎರಡರ ನಡುವೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಭಂಡಾರವೊಂದಿದೆ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಸರಿಯುವ ತೋಳಿಲ್ಲ. ಅದೇ ಅಳತೆಯಲ್ಲಿ ಅಲ್ಲಿಂದ ತರಲು ಹದಿನೇಳು ನಿಮಿಷ; ಬೀದಿಯ ಕೊನೆಯ ಅಂಗಡಿಗೆ ಹೋಗಿ ಬಂದಂತೆ.

ರ‍್ಯಾಮ್ ತುಂಬಿಹೋದಾಗ ನಡೆಯುವ ಅನರ್ಥ ಇನ್ನೊಂದು. ಅಡುಗೆಕಟ್ಟೆಯ ಮೇಲೆ ಜಾಗವಿಲ್ಲದಿದ್ದರೆ ಒಂದು ಪಾತ್ರೆಯನ್ನು ಉಗ್ರಾಣಕ್ಕಿಟ್ಟು ಮತ್ತೊಂದನ್ನು ತರುವಂತೆ, ಯಂತ್ರವು ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗೆ ಸಾಗಿಸಿ ಬೇಕಾದುದಕ್ಕೆ ಎಡೆ ಮಾಡುತ್ತದೆ. 1962ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಎಂಬ ಗಣಕದಲ್ಲಿ ರೂಢಿಗೆ ಬಂದ ಈ ಉಪಾಯ ಬಹಳ ಜಾಣತನದ್ದು. ಆದರೆ ಪಾತ್ರೆಗಳು ವಿಪರೀತವಾದರೆ ಅಡುಗೆ ನಿಂತು, ಸಾಗಾಟವೊಂದೇ ಉಳಿಯುತ್ತದೆ. ಪೀಟರ್ ಡೆನ್ನಿಂಗ್ ಎಂಬ ವಿಜ್ಞಾನಿ ಈ ದುರವಸ್ಥೆಯ ಕಾರಣವನ್ನೂ ಅದನ್ನು ತಡೆಯುವ ದಾರಿಯನ್ನೂ 1968ರಲ್ಲಿಯೇ ವಿವೇಚಿಸಿದ್ದಾರೆ. ಮೇಷ್ಟರ ಯಂತ್ರದಲ್ಲಿದ್ದುದು 4 ಗಿಗಾಬೈಟು ರ‍್ಯಾಮ್. ಶೇಕಡಾ 92 ತುಂಬಿದ ರ‍್ಯಾಮು ಮತ್ತು ಶೇಕಡಾ 100 ದುಡಿಯುವ ಡಿಸ್ಕು ಹೇಳುತ್ತಿದ್ದ ಕಥೆ ಇದೇ.

ಹಾಗಾದರೆ ಕಟ್ಟೆಯನ್ನು ತುಂಬಿದ್ದ ಪಾತ್ರೆಗಳು ಯಾರವು? ಸೊಸೆಯು ಅದೇ ಕಿಟಕಿಯಲ್ಲಿ ಸ್ಟಾರ್ಟಪ್ ಎಂಬ ವಿಭಾಗವನ್ನು ತೆರೆದಳು. ಯಂತ್ರ ಎಚ್ಚರಗೊಂಡ ಕೂಡಲೆ, ಯಾರೂ ಕರೆಯದಿದ್ದರೂ ತಾವಾಗಿ ಬಂದು ಕೂರುವ ಕಾರ್ಯಕ್ರಮಗಳ ಪಟ್ಟಿ ಅಲ್ಲಿರುತ್ತದೆ. ಕೆಟ್ಟು ಮೂಲೆ ಸೇರಿದ ಪ್ರಿಂಟರಿನ ತಂತ್ರಾಂಶ ಅಲ್ಲಿತ್ತು. ಎಂಟು ವರ್ಷಗಳ ಹಿಂದಿನ ಮೊಬೈಲಿಗೆ ಸಂಬಂಧಿಸಿದ ಇನ್ನೊಂದಿತ್ತು. 2020ರಲ್ಲಿ ಶಾಲೆಗಳು ಮುಚ್ಚಿ, ಪಾಠಗಳು ಪರದೆಯ ಮೇಲೆ ನಡೆದಾಗ ಹಾಕಿಸಿದ್ದ ಎರಡು ವೀಡಿಯೋ ಕರೆಯ ಕಾರ್ಯಕ್ರಮಗಳಿದ್ದವು. ಮೊಮ್ಮಗಳು ಆಡಿ ಮರೆತ ಆಟವೊಂದರ ಸಂಗಾತಿಯಿತ್ತು. ಒಂದರ ಮೇಲೊಂದು ಅನುಮಾನಪಡುತ್ತ ಎಲ್ಲ ಕಡತಗಳನ್ನೂ ಎರಡೆರಡು ಸಲ ತಪಾಸಣೆ ಮಾಡುವ ಎರಡು ಆ್ಯಂಟಿವೈರಸ್‌ಗಳಿದ್ದವು. ಮದುವೆ ಮುಗಿದು ವರ್ಷಗಳಾದರೂ ಹೊರಡದೆ, ದಿನವೂ ಮೊದಲ ಪಂಕ್ತಿಗೇ ಎಲೆ ಹಾಕಿಸಿಕೊಳ್ಳುವ ನೆಂಟರ ಹಾಗೆ ಹದಿನಾಲ್ಕು ಮಂದಿ! ಮೇಷ್ಟರ ಪದಗಳಿಗೆ ಸಿಗುತ್ತಿದ್ದುದು ಕೊನೆಯ ಪಂಕ್ತಿ.

ಆದರೆ ಅವರಲ್ಲಿ ಯಾರನ್ನೂ ಹೊರಗಟ್ಟುವ ಮೊದಲು ಅವಳು ಮಾಡಿದ ಕೆಲಸವನ್ನು ಬೇರೆ ಎಲ್ಲಕ್ಕಿಂತ ಮುಖ್ಯವೆಂದು ಎಣಿಸಬೇಕು. ಮಾವನವರ ಪದಸಂಗ್ರಹವನ್ನೂ ಮನೆಯ ಫೋಟೋಗಳನ್ನೂ ಒಂದು ಪೆನ್‌ಡ್ರೈವಿಗೂ ಹೊರಗೆ ಜೋಡಿಸುವ ಇನ್ನೊಂದು ಡಿಸ್ಕಿಗೂ ನಕಲು ಮಾಡಿದಳು. ಜಡತೆಯೇ ಕೆಲವೊಮ್ಮೆ ಡಿಸ್ಕಿನ ಅಂತ್ಯಕಾಲದ ಲಕ್ಷಣ. ಸವೆದ ಡಿಸ್ಕು ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಟಕಟಕ ಸದ್ದು ಹೊರಡಿಸಿದರಂತೂ ಒಂದು ದಿನವೂ ತಡಮಾಡಬಾರದು. ಯಂತ್ರವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಹತ್ತು ವರ್ಷದ ಬರಹವನ್ನು ಯಾವ ಅಂಗಡಿಯಲ್ಲಿ ಕೇಳುವುದು?

ನಕಲು ಸರಿಯಾಗಿದೆಯೇ ಎಂದು ನೋಡಲು ಪೆನ್‌ಡ್ರೈವನ್ನು ಮಗನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕಡತವನ್ನು ತೆರೆದಾಗ ಎಲ್ಲರ ಎದೆಯೂ ಧಸಕ್ಕೆಂದಿತು. ಕನ್ನಡದ ಒಂದಕ್ಷರವೂ ಅಲ್ಲಿರಲಿಲ್ಲ. ಇಂಗ್ಲಿಷಿನ ಅಕ್ಷರಗಳೂ, ಆಶ್ಚರ್ಯಸೂಚಕಗಳೂ, ತಲೆಯ ಮೇಲೆ ಚುಕ್ಕೆಯಿಟ್ಟುಕೊಂಡ ಯಾವುದೋ ಪರದೇಶದ ಲಿಪಿಗಳೂ ಪುಟತುಂಬ ಚೆಲ್ಲಾಡಿದ್ದವು. ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಎಲ್ಲಾ ಹೋಯಿತೇನಮ್ಮಾ?" ಎಂದರು.

ಹೋಗಿರಲಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ಗಾಬರಿ ಇದು. ಆ ಪದ್ಧತಿಯಲ್ಲಿ ಕಂಪ್ಯೂಟರು ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತಗಳನ್ನೇ. ಅವುಗಳ ಮೇಲೆ ಕನ್ನಡದ ಆಕಾರವನ್ನು ತೊಡಿಸುತ್ತಿದ್ದುದು ಆಯಾ ಫಾಂಟು. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚಿ ಸಂಕೇತಗಳಷ್ಟೇ ಕಾಣುತ್ತವೆ. ಯೂನಿಕೋಡ್ ಎಂಬ ಈಗಿನ ಪದ್ಧತಿಯಲ್ಲಾದರೋ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ಅದರದೇ ಸಂಖ್ಯೆಯಿದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನಪಲ್ಲಟಗೊಳ್ಳಬಹುದು. ಅವನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಈ ವಿಷಯ ತಿಳಿಯುವ ಮೊದಲೇ ಯಂತ್ರವು ಹಳೇ ಸಾಮಾನಿನವನ ಗಾಡಿಯೇರಿದ್ದರೆ, ಉಳಿಸಿಟ್ಟ ನಕಲನ್ನೂ ಕೆಟ್ಟುಹೋದ ಕಡತವೆಂದು ಭಾವಿಸಿ ಯಾರಾದರೂ ಅಳಿಸಿಬಿಡುತ್ತಿದ್ದರೋ ಏನೋ.

ಪದಗಳು ಕ್ಷೇಮವೆಂದು ಖಚಿತವಾದ ಮೇಲೆ ಹೊರೆಯನ್ನು ಇಳಿಸುವ ಕಾರ್ಯ ಆರಂಭವಾಯಿತು. ಬೇಡದ ಕಾರ್ಯಕ್ರಮಗಳ ಎದುರು ಡಿಸೇಬಲ್ ಎಂದು ಒತ್ತಿದರಾಯಿತು. ಅವು ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತವೆ, ಅಷ್ಟೆ. ಆ್ಯಂಟಿವೈರಸ್‌ಗಳನ್ನು ತೆಗೆದು, ವಿಂಡೋಸ್‌ನೊಡನೆ ಬರುವ ಡಿಫೆಂಡರ್ ಎಂಬ ಕಾವಲುಗಾರನನ್ನು ಉಳಿಸಲಾಯಿತು. ಒಂದು ಮನೆಗೆ ಒಬ್ಬ ಕಾವಲುಗಾರ ಸಾಕು. ಬ್ರೌಸರಿನಲ್ಲಿ ಮೂವತ್ತು ಟ್ಯಾಬುಗಳನ್ನು ತೆರೆದಿಡುವ ಮೊಮ್ಮಗಳಿಗೆ, ಪ್ರತಿಯೊಂದು ಟ್ಯಾಬೂ ತನ್ನ ಪಾಲಿನ ರ‍್ಯಾಮನ್ನು ಹಿಡಿದುಕೊಂಡಿರುತ್ತದೆಂಬುದನ್ನು ಮನಗಾಣಿಸಲಾಯಿತು. ತುಂಬಿ ತುಳುಕುತ್ತಿದ್ದ ಡಿಸ್ಕಿನಿಂದ ತಾತ್ಕಾಲಿಕ ಕಡತಗಳನ್ನೂ ಹತ್ತು ಸಲ ಇಳಿಸಿಕೊಂಡ ಒಂದೇ ಮದುವೆಯ ವೀಡಿಯೋವನ್ನೂ ತೆಗೆದು ಜಾಗ ಬಿಡಿಸಲಾಯಿತು. ಪೆಟ್ಟಿಗೆಯ ಮುಚ್ಚಳ ತೆರೆದರೆ ಫ್ಯಾನಿನ ರೆಕ್ಕೆಗಳ ಮೇಲೆ ರಸ್ತೆಯ ಧೂಳು ಕಂಬಳಿಯಂತೆ ಕೂತಿತ್ತು. ಗಾಳಿ ಸಾಲದೆ ಬಿಸಿಯೇರಿದಾಗ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಪ್ಲಗ್ಗು ಕಿತ್ತು, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುವುದೂ ಚಿಕಿತ್ಸೆಯ ಒಂದು ಅಂಗ.

ಇಲ್ಲಿ ಹೆಚ್ಚು ಜನರಿಗೆ ತಿಳಿಯದ ಒಂದು ಸೂಕ್ಷ್ಮವುಂಟು. ಮೇಷ್ಟರು ಪ್ರತಿರಾತ್ರಿ ನಿಯಮದಂತೆ ಯಂತ್ರವನ್ನು ಶಟ್‌ಡೌನ್ ಮಾಡುತ್ತಿದ್ದರು. ಆದಕಾರಣ ಅದು ದಿನವೂ ಹೊಸದಾಗಿ ಏಳುತ್ತದೆಂದು ನಂಬಿದ್ದರು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲ್ತಿಯಲ್ಲಿದ್ದರೆ, ಶಟ್‌ಡೌನ್ ಆದಾಗ ವ್ಯವಸ್ಥೆಯ ಒಳಗಿನ ತಿರುಳು ಡಿಸ್ಕಿನಲ್ಲಿ ಹಾಗೆಯೇ ನಿದ್ರಿಸುತ್ತಿದ್ದು, ಮರುದಿನ ಅದೇ ಸ್ಥಿತಿಯಲ್ಲಿ ಏಳುತ್ತದೆ. ನಿನ್ನೆಯ ಗೊಂದಲವೂ ಅದರ ಸಂಗಡ ಏಳಬಹುದು. ಪೂರ್ತಿಯಾಗಿ ತೊಳೆದು ಹೊಸದಾಗಿ ಆರಂಭಿಸುವುದು ರೀಸ್ಟಾರ್ಟ್ ಒತ್ತಿದಾಗ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವುದಕ್ಕೆ ಕಾಸೂ ಖರ್ಚಿಲ್ಲ.

ಕಾಸು ಖರ್ಚಾಗುವ ಅಪಾಯ ಬೇರೆ ಕಡೆಯಲ್ಲಿದೆ. ನಿಧಾನವಾದ ಯಂತ್ರದೆದುರು ಅಸಹಾಯಕರಾಗಿ ಕುಳಿತವರ ಪರದೆಯ ಮೇಲೆ, "ನಿಮ್ಮ ಕಂಪ್ಯೂಟರು ರೋಗಗ್ರಸ್ತವಾಗಿದೆ, ಕೂಡಲೆ ಈ ನಂಬರಿಗೆ ಫೋನು ಮಾಡಿ" ಎಂಬ ಕೆಂಪಕ್ಷರದ ಪ್ರಕಟಣೆಗಳು ಕಾಣಿಸಿಕೊಳ್ಳುವುದುಂಟು. ಫೋನು ಮಾಡಿದವರಿಂದ ಯಂತ್ರದ ಹಿಡಿತವನ್ನೇ ಪಡೆದು, ಬ್ಯಾಂಕಿನ ಖಾತೆಗೆ ಕನ್ನ ಹಾಕುವ ವಂಚನೆ ಇದು. ನಿಜವಾದ ರೋಗ ತಾನಾಗಿ ವೈದ್ಯರ ವಿಳಾಸ ಕೊಡುವುದಿಲ್ಲ. ಒಂದೇ ಒತ್ತಿಗೆ ಯಂತ್ರವನ್ನು ಮೂರು ಪಟ್ಟು ಚುರುಕು ಮಾಡುತ್ತೇವೆನ್ನುವ ರಿಜಿಸ್ಟ್ರಿ ಕ್ಲೀನರುಗಳು ಸಂತೆಯ ಸರ್ವರೋಗನಿವಾರಕ ಲೇಹ್ಯದ ಜಾತಿಗೆ ಸೇರಿದವು; ಅಂಥ ಸಾಧನಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿದೆ.

ಕಾಸಿಲ್ಲದ ಈ ಚಿಕಿತ್ಸೆಗಳಿಂದ ಆರು ನಿಮಿಷದ ಎಚ್ಚರವು ಮೂರೂವರೆ ನಿಮಿಷಕ್ಕೆ ಇಳಿಯಿತು. ಮುಂದಿನ ಹೆಜ್ಜೆಗೆ ದುಡ್ಡು ಬೇಕಿತ್ತು, ಆದರೆ ಹೊಸ ಯಂತ್ರದ ಬೆಲೆಯ ಮುಂದೆ ಅದು ಅಲ್ಪ. ಒಂದು ಶನಿವಾರ ಮಗನೇ ಪುರಭವನದ ಬಳಿಯ ಎಸ್.ಪಿ. ರೋಡಿಗೆ ಹೋದನು. ಎರಡಾಳು ಎದುರುಬದುರಾದರೆ ಭುಜ ತಿರುಗಿಸಬೇಕಾದ ಮಳಿಗೆಗಳಲ್ಲಿ ಇಡೀ ಗಣಕಲೋಕವು ಬಿಡಿಬಿಡಿಯಾಗಿ ಮಾರಾಟಕ್ಕಿರುವ ಬೀದಿ ಅದು. ಅಲ್ಲಿಂದ ಅವನು ತಂದದ್ದು ಎರಡು ವಸ್ತು: ಖಾಲಿಯಿದ್ದ ಜಾಗದಲ್ಲಿ ಕೂರಿಸಲು ಇನ್ನೊಂದು 4 ಗಿಗಾಬೈಟಿನ ರ‍್ಯಾಮ್, ಅಂಗೈಯಲ್ಲಿ ಅಡಗುವ, ಇಸ್ಪೀಟಿನ ಕಟ್ಟಿಗಿಂತ ತೆಳ್ಳಗಿನ ಒಂದು ಎಸ್‌ಎಸ್‌ಡಿ. ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊತ್ತಮೊದಲ ಡಿಸ್ಕು ಭಂಡಾರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದು, ಅದೆಲ್ಲ ಸೇರಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು ಮಾತ್ರ ಎಂಬುದನ್ನು ನೆನೆದರೆ ಆ ಅಂಗೈ ವಸ್ತುವಿನ ಮಹಿಮೆ ತಿಳಿಯುತ್ತದೆ. ಹಳೆಯ ಡಿಸ್ಕಿನಲ್ಲಿರುವುದೆಲ್ಲವನ್ನೂ ಫಾಂಟುಗಳ ಸಮೇತ ಪಡಿಯಚ್ಚಿನಂತೆ ಎಸ್‌ಎಸ್‌ಡಿಗೆ ಇಳಿಸಬಹುದು. ಇದಕ್ಕೆ ಕ್ಲೋನಿಂಗ್ ಎಂದು ಹೆಸರು. ರಾತ್ರಿಯಿಡೀ ಆ ಕೆಲಸ ನಡೆಯಿತು.

ಮರುದಿನ ಬೆಳಗ್ಗೆ ಮೇಷ್ಟರು ಎಂದಿನಂತೆ ಗುಂಡಿ ಒತ್ತಿ ಸ್ನಾನದ ಮನೆಯ ಕಡೆಗೆ ಹೊರಟರು. "ಮಾವ, ನಿಲ್ಲಿ, ಆಯಿತು" ಎಂದಳು ಸೊಸೆ. ಅರ್ಧ ನಿಮಿಷವಾಗಿತ್ತು. ಹನ್ನೊಂದು ವರ್ಷಗಳ ಅದೇ ಪೆಟ್ಟಿಗೆ, ಅದೇ ಪ್ರೊಸೆಸರು! ಮುದಿಯೆನಿಸಿಕೊಂಡಿದ್ದ ಮಿದುಳಿಗೆ ಸಾಸಿವೆಯು ಕೊನೆಗೂ ಬೀದಿಯಂಗಡಿಯಲ್ಲಿ ಸಿಗತೊಡಗಿತ್ತು. ಇಂಥ ಯಂತ್ರಕ್ಕೆ ಅನಂತರವೂ ಒಂದೆರಡು ಪಥ್ಯಗಳುಂಟು. ಹಾರ್ಡ್ ಡಿಸ್ಕಿನಲ್ಲಿ ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಎಂಬ ಹಳೆಯ ಔಷಧವನ್ನು ಎಸ್‌ಎಸ್‌ಡಿಗೆ ಕುಡಿಸಬಾರದು. ಅದಕ್ಕೆ ಸರಿದಾಡುವ ತೋಳೇ ಇಲ್ಲದಿರುವುದರಿಂದ ಪ್ರಯೋಜನವಿಲ್ಲ, ವೃಥಾ ಸವೆತ. ಸ್ವಲ್ಪ ಜಾಗವನ್ನು ಸದಾ ಖಾಲಿ ಬಿಟ್ಟಿರಬೇಕು.

ಹಾಗೆಂದು ಎಲ್ಲ ಹಳೆಯ ಯಂತ್ರಗಳಿಗೂ ಅಮೃತ ಸಿಕ್ಕಿತೆಂದು ಭಾವಿಸಬಾರದು. ವೇಗಕ್ಕೆ ಸಂಬಂಧಿಸದ ಮುಪ್ಪು ಇನ್ನೊಂದಿದೆ. ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟಿನ ಉಚಿತ ಆಸರೆ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ರಕ್ಷಣಾಸಾಧನವೂ ಹೆಚ್ಚುಕಡಿಮೆ 2018ರಿಂದೀಚಿನ ಪ್ರೊಸೆಸರೂ ಇರಬೇಕೆಂಬುದು ಆ ಸಂಸ್ಥೆಯ ಕಟ್ಟಳೆ. ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಈ ಬಾಗಿಲಲ್ಲಿ ನಿಂತುಹೋದವು. ಹೊಸ ಕಳ್ಳರಿಗೆ ಹೊಸ ಬೀಗ ಸಿಗದ ಮನೆಯಂತಾದ ಇಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಜಾಣತನವಲ್ಲ. ಮೇಷ್ಟರ ಮನೆಯಲ್ಲಿ ಇದಕ್ಕೂ ಒಂದು ಹಂಚಿಕೆ ಮಾಡಿಕೊಂಡರು. ಹಣದ ವ್ಯವಹಾರ ಮಗನ ಲ್ಯಾಪ್‌ಟಾಪಿಗೆ ಹೋಯಿತು. ಹಳೆಯ ಯಂತ್ರಕ್ಕೆ ಅಕ್ಟೋಬರಿನಲ್ಲಿ ಲಿನಕ್ಸ್ ವ್ಯವಸ್ಥೆಯ ಹಗುರವಾದ ಒಂದು ರೂಪವನ್ನು ಹಾಕಿದರು. ಅದು ಉಚಿತ, ಇಂದಿಗೂ ಆಸರೆಯುಳ್ಳದ್ದು. ಯೂನಿಕೋಡ್ ಕನ್ನಡವನ್ನು ಅದರಲ್ಲಿಯೂ ಸರಾಗವಾಗಿ ಟೈಪು ಮಾಡಬಹುದು.

ಸಂಸಾರದ ಉಳಿತಾಯದಾಚೆಗೂ ಈ ಜಿಪುಣತನಕ್ಕೆ ಅರ್ಥವಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೆಯ ಇಸವಿಯೊಂದರಲ್ಲಿ ಜಗತ್ತು ಹೊರಚೆಲ್ಲಿದ ವಿದ್ಯುನ್ಮಾನ ಕಸವು 6 ಕೋಟಿ 20 ಲಕ್ಷ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದು ನಾಲ್ಕನೆಯ ಒಂದು ಪಾಲಿಗಿಂತ ಕಡಿಮೆ. ನಿಜಕ್ಕೂ ಕೈಬಿಡಬೇಕಾದ ಯಂತ್ರಗಳಿರುತ್ತವೆ. ಅವುಗಳ ಡಿಸ್ಕನ್ನು ಸಂಪೂರ್ಣ ಅಳಿಸಿ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ಧರ್ಮ. ಆದರೆ ಅವುಗಳ ಸಾಲಿನಲ್ಲಿ, ಧೂಳು ಕೊಡವಿ ಹೊರೆ ಇಳಿಸಿದ್ದರೆ ಇನ್ನೂ ಐದು ವರ್ಷ ದುಡಿಯುತ್ತಿದ್ದವು ಎಷ್ಟಿರುತ್ತವೋ!

ಮೂರು ತಿಂಗಳಿಗೊಮ್ಮೆ ಯಂತ್ರದಲ್ಲಿ ಯಾರು ಯಾರು ಕುಳಿತಿದ್ದಾರೆಂದು ನೋಡುವುದು ಈಗ ಆ ಮನೆಯಲ್ಲಿ ಮೊಮ್ಮಗಳ ಪಾಲಿನ ಕೆಲಸ. ಮೇಷ್ಟರು ಯೂನಿಕೋಡಿಗೆ ಬಂದ ತಮ್ಮ ನಾಲ್ಕು ಸಾವಿರ ಪದಗಳ ಅರ್ಕಾವತ್ತುಗಳನ್ನು ದಿನಕ್ಕಿಷ್ಟೆಂದು ತಿದ್ದುತ್ತ 'ಚ'ಕಾರದವರೆಗೆ ಬಂದಿದ್ದಾರೆ. ತಿದ್ದಿದ್ದರ ಒಂದು ಪ್ರತಿ ಪ್ರತಿ ಭಾನುವಾರ ಸೊಸೆಯ ಪೆನ್‌ಡ್ರೈವಿಗೆ ಹೋಗುತ್ತದೆ. ಯಂತ್ರವು ಅವರನ್ನು ಕಾಯಿಸುವುದಿಲ್ಲ. ಚೊಗರೆಂಬ ಮಾತಿಗೆ ತಮ್ಮ ತಾಯಿ ಹೇಳುತ್ತಿದ್ದ ಇನ್ನೊಂದು ಅರ್ಥವೇನೆಂದು ಅವರು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳುವಾಗ ಅದೇ ಅವರಿಗಾಗಿ ಕಾಯುತ್ತಿರುತ್ತದೆ.